ಕೆಳಗಿನಿಂದ ಮೇಲಕ್ಕೆ ನೇಯ್ದ ಅನ್ನಪಕ್ಷಿ

ಗಂಜಿಯ ವಾಸನೆ ಮೂಗಿಗೆ ಬಡಿದರೆ ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಹೀಗೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ನಾನು ಪಾಪಿರೆಡ್ಡಿಪಟ್ಟಿಯ ಕಡೆ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವವಳು. ನನ್ನನ್ನು ನೋಡಿ ನಗುವುದು ಅವರಿಗೆ ಅಭ್ಯಾಸವಾಗಿದೆ. ಕಳೆದ ತಿಂಗಳು ಸೇಲಂಗೆ, ತಮ್ಮನ ಮನೆಗೆ ಹೋದಾಗ ಮತ್ತೆ ಹಾಗೇ ಆಯಿತು. ನಮ್ಮ ಬೀದಿಗೆ ತಿರುಗುತ್ತಿದ್ದಂತೆ ಯಾರೋ ಪಾವು ಹಾಸಿದ್ದು ಕಂಡಿತು. ಪಾವು ಎಂದರೆ ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟುವ ನೂಲು. ಅದಕ್ಕೆ ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಸಿಲು ಬಲಿಯುವ ಮೊದಲೇ ಒಣಗಿಸಬೇಕು. ನಮ್ಮ ಚಿಕ್ಕಂದಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಇದೇ ಕೆಲಸ. ಈಗ ನಿಲ್ಲಿಸಿದ ಬೈಕುಗಳ ನಡುವೆ ಒಂದೇ ಒಂದು ಪಾವು. ಬ್ಯಾಗು ಕೆಳಗಿಡದೆ ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಮನೆಯೊಳಗೆ ಮಗ್ಗದ ಗುಂಡಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗದಲ್ಲೇ ತಮ್ಮನ ಮಗಳು ಕಾಲು ಚಾಚಿ ಕೂತು ಮೊಬೈಲಿನಲ್ಲಿ ಏನೋ ಆಡುತ್ತಿದ್ದಳು.

"ಅತ್ತೆ, ನಿಮ್ ಕಾಲತ್ತಿಲೆ ಗೇಮ್ ಎಲ್ಲಾ ಇತ್ತಾ?" ಎಂದು ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿಗೆ ಬೆರೆಸಿ ಕೇಳಿದಳು.

"ಇತ್ತು. ನಾನೇ ಒಂದು ಮಾಡಿದ್ದೆ" ಅಂದೆ.

ಅವಳು ತಲೆ ಎತ್ತಿದಳು. ನಂಬಿದ ಹಾಗೆ ಕಾಣಲಿಲ್ಲ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ನಮ್ಮ ಮನೆಮಾತಾದರೂ ಅದರ ಅಕ್ಷರವನ್ನು ನಾನು ಕಲಿತದ್ದು ದೊಡ್ಡವಳಾದ ಮೇಲೆ, ಹಟಕ್ಕೆ ಬಿದ್ದು. ಅಲ್ಲಲ್ಲಿ ಎಳೆ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಹುಡುಗಿಯರ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೆ. ಮನೆಯಲ್ಲಿ ನನ್ನ ಹೆಸರು ಚೌಡಿ, ನಮ್ಮ ಮನೆದೇವರ ಹೆಸರು. ಕಾಲೇಜಿನಲ್ಲಿ ಮಾತ್ರ ಈಶ್ವರಿ. ಲ್ಯಾಬೆಂದರೆ ಆಗ ಗುಡಿಯಿದ್ದ ಹಾಗೆ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಮಾತಾಡುವಂತಿಲ್ಲ. ಹೊರಗೆ ಸೇಲಂನ ಬಿಸಿಲು ನೆತ್ತಿ ಸುಡುತ್ತಿದ್ದರೆ ಒಳಗೆ ಏಸಿಯ ಚಳಿ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಜ್ಞಾನವೇಲು ಸಾರ್ ವರ್ಷವಿಡೀ ಸ್ವೆಟರ್ ಹಾಕಿಕೊಂಡೇ ಕೂರುತ್ತಿದ್ದರು. ಹಸಿರಕ್ಷರ ಮೂಡುವ ಕಪ್ಪು ಪರದೆಯ ಮಿಷಿನ್‌ಗಳು ಸಾಲಾಗಿ ಇದ್ದವು. ಮೂಲೆಯಲ್ಲಿ ಹೊದಿಕೆ ಮುಚ್ಚಿದ ಕಲರ್ ಮಿಷಿನ್ ಒಂದು. ಅದನ್ನು ಮುಟ್ಟುವ ಅಧಿಕಾರ ಸಾರ್‌ಗೆ ಮಾತ್ರ. ಉಳಿದವುಗಳಲ್ಲಿ ಒಂದೊಂದಕ್ಕೆ ಇಬ್ಬರು ಹುಡುಗಿಯರು.

ನನ್ನ ಪಾಲಿಗೆ ಬಂದವಳು ಮಾದಮ್ಮಾಳ್. ಹಾಸ್ಟೆಲಿನ ಹುಡುಗಿ, ಕೊಳತ್ತೂರಿನ ಮೇಲಿರುವ ಪಾಲಮಲೆ ಬೆಟ್ಟದವಳು ಎಂದಷ್ಟೇ ಗೊತ್ತಿತ್ತು. ತಮಿಳನ್ನು ಅಳೆದು ಅಳೆದು ಆಡುತ್ತಿದ್ದಳು. ಕೇಳಿದ್ದಕ್ಕೆ ಹೌದು, ಇಲ್ಲ. ಅದಕ್ಕಿಂತ ಹೆಚ್ಚಿಗೆ ಬಾಯಿ ಬಿಟ್ಟವಳಲ್ಲ. ಸೀನಿಯರ್ ಅಕ್ಕಂದಿರು ಗುಟ್ಟಾಗಿ ಕೊಟ್ಟಿದ್ದ ಒಂದು ಫ್ಲಾಪಿಯಲ್ಲಿ ಹುಳುವಿನ ಆಟವಿತ್ತು. ಚುಕ್ಕೆ ತಿಂದಷ್ಟೂ ಹುಳು ಉದ್ದವಾಗುತ್ತದೆ, ತನ್ನ ಬಾಲವನ್ನೇ ಕಚ್ಚಿಕೊಂಡರೆ ಸಾಯುತ್ತದೆ. ಲ್ಯಾಬಿನಲ್ಲಿ ಆಟ ಕಂಡರೆ ಸಾರ್ ಹೊರಗೆ ಹಾಕುತ್ತಿದ್ದರು, ಹಾಗಾಗಿ ಅವರು ಊಟಕ್ಕೆ ಹೋದ ಹೊತ್ತು ನೋಡಿ ಆಡುತ್ತಿದ್ದೆವು. ಒಂದು ದಿನ ಮಾದಮ್ಮಾಳ್ ಆಡುತ್ತಿದ್ದಳು. ಹುಳು ಪರದೆಯ ತುಂಬ ಸುತ್ತಿಕೊಂಡು ಕೊನೆಗೆ ಬಾಲಕ್ಕೆ ಬಾಯಿ ಹಾಕಿತು.

"ಅಯ್ಯೋ, ಓಯ್ತಲ್ಲಾ ಲೇ!" ಎಂದು ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು.

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. "ನೀನು ಕನ್ನಡದವಳಾ?"

ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಸುತ್ತ ನೋಡಿದಳು. "ನಮ್ಮೂರಾಗೆ ಎಲ್ರೂ ಇಂಗೇ ಮಾತಾಡಾದು. ಇದ್ಕೆ ಕನ್ನಡ ಅಂತಾರಾ?"

ಅವತ್ತಿನಿಂದ ಅವಳು ನನಗೆ ಮಾದಿ, ನಾನು ಅವಳಿಗೆ ಚೌಡಿ. ನಮ್ಮದು ನೇಕಾರರ ಬೀದಿಯ ಮಾತು, ಅವಳದು ಬೆಟ್ಟದ ಮಾತು. ಎರಡರ ನಡುವೆ ಅರ್ಥವಾಗದ್ದನ್ನು ತಮಿಳಿನಲ್ಲಿ ತುಂಬಿಕೊಳ್ಳುತ್ತಿದ್ದೆವು. ಬಾಯಿ ಬಿಟ್ಟ ಮೇಲೆ ತಿಳಿಯಿತು, ಅವಳು ಮೂಗಿಯಲ್ಲ, ಪ್ರಶ್ನೆಗಳ ಮೂಟೆ. ಹುಳು ತಾನು ಸತ್ತೆ ಅಂತ ಹೇಗೆ ತಿಳಿದುಕೊಳ್ಳುತ್ತದೆ? ಚುಕ್ಕೆ ಎಲ್ಲಿ ಹುಟ್ಟಬೇಕು ಅಂತ ಹೇಳುವವರು ಯಾರು? ಇದನ್ನು ಬರೆದವರು ನಮ್ಮ ಹಾಗೆ ಕೂತೇ ಬರೆದರಾ?

ನನಗೂ ಅದೇ ಹುಚ್ಚಿತ್ತು, ಬೇರೆ ಕಾರಣಕ್ಕೆ. ನಮ್ಮ ಮನೆಗಳಲ್ಲಿ ಯಾರಾದರೂ ಸೀರೆ ಕೈಗೆ ಕೊಟ್ಟರೆ ಮೊದಲು ಅದನ್ನು ತಿರುಗಿಸಿ ಹಿಂಭಾಗ ನೋಡುತ್ತೇವೆ. ಮುಂಭಾಗ ಕೊಳ್ಳುವವರಿಗೆ, ಹಿಂಭಾಗದಲ್ಲಿ ಗಂಟುಗಳು, ಬಿಟ್ಟ ಎಳೆಗಳು, ನೇಯ್ದವನ ಕೈ ಕಾಣುತ್ತದೆ. ಆಟದ ಹಿಂಭಾಗ ನೋಡುವುದು ಹೇಗೆ? ಹುಳುವಿನ ಆಟ ಬೇಸಿಕ್ ಭಾಷೆಯಲ್ಲಿತ್ತು, ನಮಗೆ ಕಲಿಸುತ್ತಿದ್ದದ್ದೂ ಅದೇ. ಒಂದು ಮಧ್ಯಾಹ್ನ ಆಟ ಓಡಿಸುವ ಬದಲು 'ಲಿಸ್ಟ್' ಎಂದು ಟೈಪ್ ಮಾಡಿದೆ. ಹುಳು ಬರಲಿಲ್ಲ. ಸಾಲು ಸಾಲು ಅಕ್ಷರಗಳು ಮೇಲಕ್ಕೆ ಓಡತೊಡಗಿದವು. ಹುಳುವಿನ ಹೊಟ್ಟೆಯೊಳಗಿದ್ದದ್ದೆಲ್ಲ ಅಲ್ಲಿತ್ತು. ಮಾದಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಓದಿದಳು. ಪಾಠದಲ್ಲಿ ಬಡ್ಡಿ ಲೆಕ್ಕಕ್ಕೂ ಸರಾಸರಿ ಲೆಕ್ಕಕ್ಕೂ ಬರೆಯುತ್ತಿದ್ದ ಅದೇ ಮಾತುಗಳು ಇಲ್ಲಿ ಹುಳುವನ್ನು ಓಡಿಸುತ್ತಿದ್ದವು. ನನಗೆ ಅಷ್ಟು ಸಂತೋಷ ಅದಕ್ಕೂ ಮೊದಲು ಆಗಿದ್ದ ನೆನಪಿಲ್ಲ.

ಆಮೇಲೆ ನಾವು ಸುಮ್ಮನಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಕಾಸು ಹಾಕಿ ಆಡುವ ವಿಡಿಯೋ ಗೇಮ್ ಅಂಗಡಿಯೊಂದಿತ್ತು. ಬಾಗಿಲಿಗೆ ಪರದೆ; ಒಳಗೆಲ್ಲ ಹುಡುಗರು. ಎರಡು ಜಡೆ, ದಾವಣಿಯ ನಾವಿಬ್ಬರು ಒಳಗೆ ಕಾಲಿಟ್ಟಾಗ ಆಡುತ್ತಿದ್ದವರು ತಿರುಗಿ ನೋಡಿ ಅಲ್ಲೇ ಸೋತರು. ನಾನು ಹೆದರಿಕೊಂಡೇ ವಿಮಾನದ ಆಟವೊಂದನ್ನು ಆಡಿದೆ. ಕ್ಷಣದಲ್ಲಿ ಸತ್ತೆ. ಮಾದಿ ಎಲ್ಲಿ ಎಂದು ನೋಡಿದರೆ ಅವಳು ಮಿಷಿನ್‌ನ ಹಿಂದೆ, ಗೋಡೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ತೂರಿಕೊಂಡಿದ್ದಳು. "ಏಯ್ ಪಾಪಾ, ಪಿನ್ನಾಡಿ ಪೋಗಾದೆ!" ಎಂದು ಅಂಗಡಿಯವನು ಕೂಗಿಕೊಂಡ, ಹಿಂದೆ ಹೋಗಬೇಡ ಎಂದು. ತಲೆಯ ಮೇಲೆ ಜೇಡರ ಬಲೆ ಹೊತ್ತು ಹೊರಬಂದವಳು, "ಇಂದೆ ಬರೀ ವೈರು ಕಣ್ಲೇ, ಏನೂ ತಿಳಿಯಾಕಿಲ್ಲ" ಎಂದು ಮುಖ ಸಣ್ಣ ಮಾಡಿದಳು. ಅಲ್ಲಿಂದ ನಗುತ್ತಾ ಓಡಿಬಂದೆವು. ನಮ್ಮನ್ನು ಯಾರಾದರೂ ನೋಡಿರಬಹುದು ಎಂಬುದು ಆಗ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರಗಳಂದು ಮಾದಿ ನಮ್ಮ ಮನೆಗೆ ಬರತೊಡಗಿದಳು. ಮಗ್ಗವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅಪ್ಪ ಗುಂಡಿಯಲ್ಲಿ ಕಾಲಿಟ್ಟು ತುಳಿಯುತ್ತ ಲಾಳಿ ಹೊಡೆಯುತ್ತಿದ್ದರೆ, ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕಣ್ಣು ಓಡಿಸುತ್ತಿದ್ದಳು. ಅಪ್ಪ ಮಾತು ಕಡಿಮೆಯ ಮನುಷ್ಯ. ಅವಳ ಪ್ರಶ್ನೆಗಳಿಗೆ ಮಾತ್ರ ಮಗ್ಗ ನಿಲ್ಲಿಸಿ ಉತ್ತರ ಕೊಡುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಎಳೆ ಕಿತ್ತಾಗ ಜೋಡಿಸುವುದು ಅಮ್ಮನ ಕೆಲಸ. ನಾಲಿಗೆಗೆ ಬೆರಳು ತಾಗಿಸಿ, ಎರಡು ತುದಿ ಸೇರಿಸಿ ಒಂದು ಸಲ ಹೊಸೆದರೆ ಮುಗಿಯಿತು, ಗಂಟು ಎಲ್ಲಿದೆಯೆಂದು ಹುಡುಕಬೇಕು.

"ಚೌಡೀ, ಇದೇ ಒಂದು ಆಟ ಅಲ್ವೇನ್ಲೇ?" ಎಂದಳು ಮಾದಿ, ಅಮ್ಮನ ಬೆರಳನ್ನೇ ನೋಡುತ್ತ.

ನಮ್ಮ ಆಟ ಹುಟ್ಟಿದ್ದು ಹಾಗೆ. ಪರದೆಯ ಮೇಲೆ ನೆಟ್ಟಗೆ ನಿಂತ ಎಳೆಗಳು. ಲಾಳಿ ಅತ್ತಿಂದಿತ್ತ ಓಡುತ್ತದೆ. ಒಂದು ಸಲ ಓಡಿದರೆ ಬಟ್ಟೆ ಒಂದು ಸಾಲು ಬೆಳೆಯುತ್ತದೆ. ಆಗಾಗ ಯಾವುದೋ ಒಂದು ಎಳೆ ಕಿತ್ತು ಹೋಗುತ್ತದೆ. ಆಡುವವರು ಪುಟ್ಟದೊಂದು ಕೈಯನ್ನು ಅಲ್ಲಿಗೆ ಓಡಿಸಿ ಎಳೆ ಜೋಡಿಸಬೇಕು. ಅಷ್ಟರೊಳಗೆ ಲಾಳಿ ಬಂದುಬಿಟ್ಟರೆ ಆಟ ಮುಗಿಯಿತು. ಕೊನೆಯವರೆಗೆ ನೇಯ್ದರೆ ಬಟ್ಟೆಯಲ್ಲಿ ಅನ್ನಪಕ್ಷಿ ಪೂರ್ತಿಯಾಗಿ ಮೂಡುತ್ತದೆ. ಅನ್ನಪಕ್ಷಿ ಎಂದರೆ ನಮ್ಮ ಕಡೆಯ ಸೀರೆ ಸೆರಗಿನ ಹಂಸ, ಕೊಕ್ಕಿನಲ್ಲಿ ಬಳ್ಳಿ ಹಿಡಿದಿರುತ್ತದೆ. ಎಳೆ ಕೀಳುವುದು, ಕೈ ಓಡುವುದು, ಲಾಳಿಯ ವೇಗ ಎಲ್ಲ ಮಾದಿಯ ಪಾಲು. ಚಿತ್ರ ನನ್ನದು.

ಚಿತ್ರದ ಕೆಲಸ ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಅಪ್ಪ ಗ್ರಾಫ್ ಕಾಗದದ ಮೇಲೆ ಅನ್ನಪಕ್ಷಿಯನ್ನು ಮನೆ ಮನೆಯಾಗಿ ತುಂಬಿ ಇಟ್ಟಿದ್ದರು. ಬಣ್ಣ ತುಂಬಿದ ಮನೆಗೆ ಒಂದು, ಖಾಲಿ ಮನೆಗೆ ಸೊನ್ನೆ ಎಂದು ಬರೆದುಕೊಳ್ಳುತ್ತ ಹೋದರಾಯಿತು. ಸಾಲು ಸಾಲಾಗಿ ಟೈಪ್ ಮಾಡಿ ಮುಗಿಸಿದೆ. ಅಷ್ಟರಲ್ಲಿ ಮಳೆಗಾಲ ಹಿಡಿದುಕೊಂಡಿತ್ತು. ಬೀದಿಯಲ್ಲಿ ಪಾವು ಹಾಸಲಾಗದೆ ಮನೆ ಮನೆಯ ಮಗ್ಗಗಳು ಸುಮ್ಮನಾಗಿದ್ದವು. ಆಯುಧಪೂಜೆಯ ದಿನ ಅಮ್ಮ ಮಗ್ಗಕ್ಕೆ, ಲಾಳಿಗೆ, ಅಪ್ಪನ ಕತ್ತರಿಗೆ ಕುಂಕುಮವಿಟ್ಟು, "ನಿನ್ ಆಯುಧ ಎಲ್ಲಮ್ಮಣೀ?" ಎಂದು ಕೇಳಿದಳು. ಫ್ಲಾಪಿ ಕೊಟ್ಟೆ. ಅದರ ಹೆಸರು ಚೀಟಿಯ ಮೇಲೂ ಒಂದು ಬೊಟ್ಟು ಬಿತ್ತು. ಪುಣ್ಯಕ್ಕೆ ಒಳಗಿನ ಕಪ್ಪು ತಟ್ಟೆಗೆ ತಾಗಲಿಲ್ಲ.

ರಜೆ ಮುಗಿದು ಲ್ಯಾಬಿಗೆ ಹೋಗಿ ಆಟ ಓಡಿಸಿದೆವು. ಲಾಳಿ ಓಡಿತು, ಬಟ್ಟೆ ಬೆಳೆಯಿತು, ಅನ್ನಪಕ್ಷಿ ಮೂಡಿತು. ತಲೆಕೆಳಗಾಗಿ! ಕಾಲೆರಡೂ ಆಕಾಶಕ್ಕೆ, ಕೊಕ್ಕು ಪಾತಾಳಕ್ಕೆ.

"ನಿನ್ ಪಕ್ಷಿ ನೀರ್‌ಗೆ ಬಿದ್ ಸಾಯ್ತಾ ಐತೆ ಚೌಡೀ" ಎಂದು ಮಾದಿ ಬಿದ್ದು ಬಿದ್ದು ನಕ್ಕಳು. ಇಂದಿಗೂ ಫೋನ್ ಮಾಡಿದಾಗ ಅದನ್ನು ಹೇಳಿ ನನ್ನನ್ನು ಕಿಚಾಯಿಸದೆ ಬಿಡುವುದಿಲ್ಲ.

ತಪ್ಪು ಎಲ್ಲಿದೆಯೆಂದು ಹುಡುಕಿ ಹುಡುಕಿ ತಲೆ ಕೆಟ್ಟುಹೋಯಿತು. ಕೊನೆಗೆ ಭಾನುವಾರ ಅಪ್ಪನ ಪಕ್ಕ ಕೂತು ಅವರು ಹೊಸ ಗ್ರಾಫ್ ತುಂಬುವುದನ್ನು ನೋಡುತ್ತಿದ್ದಾಗ ಹೊಳೆಯಿತು. ಅಪ್ಪ ಕಾಗದದ ಬುಡದ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಿದ್ದರು. ಮಗ್ಗದಲ್ಲಿ ಮೊದಲು ನೇಯ್ದದ್ದು ನೇಕಾರನ ಹೊಟ್ಟೆಯ ಹತ್ತಿರ ಇರುತ್ತದೆ, ಬಟ್ಟೆ ಬೆಳೆಯುವುದು ಅಲ್ಲಿಂದ ಆಚೆಗೆ. ನಾನು ಹುಟ್ಟಿದಾಗಿನಿಂದ ಗ್ರಾಫನ್ನು ಓದಿದ್ದು ಹಾಗೆಯೇ. ಟೈಪ್ ಮಾಡುವಾಗಲೂ ಬುಡದ ಸಾಲನ್ನೇ ಮೊದಲು ಹೊಡೆದಿದ್ದೆ. ಕಂಪ್ಯೂಟರಿಗೆ ಮೊದಲನೆಯ ಸಾಲು ಎಂದರೆ ನೆತ್ತಿ. ಅದು ಪಕ್ಷಿಯ ಕಾಲನ್ನು ತೆಗೆದುಕೊಂಡು ಹೋಗಿ ನೆತ್ತಿಯ ಮೇಲೆ ಇಟ್ಟಿತ್ತು. ಬುಡದಿಂದ ಓದುವುದು ನನಗೆ ತಪ್ಪೆಂದು ಅನ್ನಿಸಲೇ ಇಲ್ಲ. ಎಲ್ಲವನ್ನೂ ಮತ್ತೆ ಟೈಪ್ ಮಾಡುವ ಬದಲು, ಪರದೆಯ ಬುಡದಿಂದ ಶುರು ಮಾಡಿ ಮೇಲಕ್ಕೆ ಬರೆಯುವಂತೆ ಒಂದು ಸಾಲನ್ನು ಮಾತ್ರ ಬದಲಿಸಿದೆವು. ಅನ್ನಪಕ್ಷಿ ಕಾಲೂರಿ ನಿಂತಿತು. ಬಟ್ಟೆಯೂ ಈಗ ನಿಜವಾದ ಬಟ್ಟೆಯ ಹಾಗೆ ಕೆಳಗಿನಿಂದ ಬೆಳೆಯತೊಡಗಿತು.

ಆ ಖುಷಿಯಲ್ಲೇ ಸಿಕ್ಕಿಬಿದ್ದೆವು. ಸಾರ್ ಊಟಕ್ಕೆ ಹೋಗಿ ಕನ್ನಡಕ ಮರೆತಿದ್ದರಿಂದ ನಡುವೆಯೇ ವಾಪಸ್ ಬಂದಿದ್ದರು. ನಮ್ಮ ಬೆನ್ನ ಹಿಂದೆ ಎಷ್ಟು ಹೊತ್ತು ನಿಂತಿದ್ದರೋ ತಿಳಿಯದು. ಫ್ಲಾಪಿ ಹೊರಗೆ ತೆಗೆದು, ಕುಂಕುಮದ ಬೊಟ್ಟನ್ನು ಬೆರಳಿನಿಂದ ಒರೆಸಿ ನೋಡಿ, "ಇದು ಎಂಗಿರುಂದು ಕಾಪಿ ಅಡಿಚ್ಚೀಂಗ?" ಎಂದರು. ಎಲ್ಲಿಂದ ಕದ್ದಿರಿ ಎಂದು ಕೇಳುತ್ತಿದ್ದರು. ನಾವೇ ಮಾಡಿದ್ದು ಸಾರ್ ಎಂದರೆ ಕೇಳಲಿಲ್ಲ. ಆಟವಾಡಿದ್ದು ಒಂದು, ಸುಳ್ಳು ಹೇಳಿದ್ದು ಇನ್ನೊಂದು ಎಂದರು. ಸೋಮವಾರ ಇಬ್ಬರೂ ಅಪ್ಪನನ್ನು ಕರೆದುಕೊಂಡು ಬರಬೇಕು. ಇಲ್ಲದಿದ್ದರೆ ಆ ವರ್ಷ ಲ್ಯಾಬಿಗೆ ಕಾಲಿಡುವಂತಿಲ್ಲ. ಲ್ಯಾಬಿಲ್ಲದಿದ್ದರೆ ಪ್ರಾಕ್ಟಿಕಲ್ ಇಲ್ಲ, ಪ್ರಾಕ್ಟಿಕಲ್ ಇಲ್ಲದಿದ್ದರೆ ವರ್ಷವೇ ಹೋಯಿತು.

ನನಗೆ ಬೈಗುಳದ ಭಯ ಮಾತ್ರ. ಮಾದಿಗೆ ಹಾಗಲ್ಲ. ಹೊರಗೆ ಚಪ್ಪಲಿಗಳ ನಡುವೆ ಕೂತು ಅವಳು ಅತ್ತುಬಿಟ್ಟಳು. ಅವಳನ್ನು ಓದಿಸುವುದು ಅವಳ ಅಪ್ಪನಿಗೆ ಅರೆಮನಸ್ಸು. ಬೆಟ್ಟದ ಹೊಲದಲ್ಲಿ ರಾಗಿ ಕೊಯ್ಲಿಗೆ ಕೈ ಸಾಲದು, ಊರಿನವರು ಬೇರೆ ಹುಡುಗಿಯನ್ನು ಪಟ್ಟಣಕ್ಕೆ ಬಿಟ್ಟದ್ದಕ್ಕೆ ಆಡಿಕೊಳ್ಳುತ್ತಿದ್ದರು.

"ಅಪ್ಪ ಬೆಟ್ಟ ಇಳ್ದು ಬಂದ್ರೆ ನನ್ನ ಬುಟ್ಟು ಓಗಾಕಿಲ್ಲ ಚೌಡಿ. ಅದೇ ಬಸ್ಸಾಗೆ ಕರ್ಕೊಂಡ್ ಓಯ್ತಾನೆ" ಎಂದಳು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಕದಿರು ಸುತ್ತುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು. ಸೋಮವಾರ ಮಳೆ ಬಿಡುವು ಕೊಟ್ಟು ಬೀದಿಯಲ್ಲಿ ಪಾವು ಹಾಸಿದ್ದರು, ಗಂಜಿ ಒಣಗುವವರೆಗೆ ಅಪ್ಪ ಅಲುಗುವಂತಿರಲಿಲ್ಲ. ಅಮ್ಮ ಕೈತೊಳೆದು, ಮದುವೆಗಳಿಗೆ ಉಡುವ ಸೀರೆ ಉಟ್ಟು ಹೊರಟಳು. ಅವಳ ಬೆರಳಿಂದ ಗಂಜಿಯ ವಾಸನೆ ಹೋಗಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಏಸಿಯ ಚಳಿಗೆ ಸೆರಗು ಹೊದ್ದಳು.

"ಮಾದಮ್ಮಾಳ್ ಅಪ್ಪ ಎಲ್ಲಿ?" ಎಂದು ಸಾರ್ ತಮಿಳಿನಲ್ಲಿ ಕೇಳಿದರು.

"ರೆಂಡು ಪೇರುಕ್ಕುಂ ನಾನ್ ದಾನ್ ಸಾರ್" ಎಂದಳು ಅಮ್ಮ. ಇಬ್ಬರಿಗೂ ನಾನೇ ಎಂದು ಅವಳು ಹೇಳಿದ ರೀತಿಗೆ ಸಾರ್ ಮಿಷಿನ್‌ನತ್ತ ತಿರುಗಿದರು.

ಅವರು ಫ್ಲಾಪಿ ಹಾಕಿ, ಆಟವನ್ನು ಓಡಿಸದೆ, ಅದರ ಸಾಲುಗಳನ್ನು ತೆರೆದರು. ಅವರಿಗೂ ಹಿಂಭಾಗವೇ ಬೇಕಾಗಿತ್ತು. ಓದುತ್ತ ಓದುತ್ತ ಒಂದು ಕಡೆ ನಿಂತರು. ಚಿತ್ರವನ್ನು ಬುಡದಿಂದ ಮೇಲಕ್ಕೆ ಬರೆಯುವ ಸಾಲು ಅದು. ಪ್ರಪಂಚದಲ್ಲಿ ಎಲ್ಲರೂ ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ, ಇದು ಯಾಕೆ ಹೀಗಿದೆ, ನೀವೇ ಬರೆದಿದ್ದರೆ ಹೇಳಿ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಮ್ಮ ಪಕ್ಕದಲ್ಲಿ, ಸಾರ್ ಎದುರಿನಲ್ಲಿ.

ಹೇಳಿದವಳು ಮಾದಿ. ಅಲ್ಲಿಯವರೆಗೆ ಸಾರ್ ಎದುರು ತಲೆ ಎತ್ತದವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಾಲಿನ ಮುಂದೆ ಇಲ್ಲದ ಮಗ್ಗವನ್ನು ಕೈಯಿಂದ ತೋರಿಸತೊಡಗಿದಳು. "ನೇಯ್ದದ್ದು ಹೊಟ್ಟೆಯ ಹತ್ತಿರ ಬರುತ್ತೆ ಸಾರ್. ಇಲ್ಲಿಂದ ಹೀಗೆ ಆಚೆಗೆ ಬೆಳೆಯುತ್ತೆ. ಮೊದಲು ಪಕ್ಷಿಯ ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಕೊಕ್ಕು. ಇವಳಿಗೆ ಮೇಲಿನಿಂದ ಓದಲು ಬರೋದೇ ಇಲ್ಲ ಸಾರ್. ಮೊದಲ ಸಲ ಪಕ್ಷಿ ತಲೆಕೆಳಗಾಗಿ ಬಂದಿತ್ತು." ಅಳೆದು ಆಡುವ ಅವಳ ತಮಿಳು ಅವತ್ತು ಎಲ್ಲೂ ತಡವರಿಸಲಿಲ್ಲ.

ಸಾರ್ ಅವಳನ್ನೇ ನೋಡಿದರು. ಆಮೇಲೆ ಪರದೆಯತ್ತ ತಿರುಗಿ ಆಟ ಓಡಿಸಿದರು. ಲಾಳಿ ಹೊರಟಿತು. ಅಮ್ಮ ಅಷ್ಟರವರೆಗೆ ಆ ಡಬ್ಬಿಯ ಕಡೆ ಕಣ್ಣೆತ್ತಿರಲಿಲ್ಲ. ಹಸಿರು ಗೆರೆಗಳು ನೆಟ್ಟಗೆ ನಿಂತದ್ದು, ಅವುಗಳ ನಡುವೆ ಲಾಳಿ ಅತ್ತಿತ್ತ ಹೋಗುವುದು ಕಂಡು ಒಂದು ಹೆಜ್ಜೆ ಮುಂದೆ ಬಂದಳು. ಬಟ್ಟೆಯ ಬುಡದಲ್ಲಿ ಪಕ್ಷಿಯ ಕಾಲು ಮೂಡಿತು. ಬಲಗಡೆ ಒಂದು ಎಳೆ ಕಿತ್ತಿತು. ಸಾರ್ ಯಾವ ಗುಂಡಿ ಒತ್ತಬೇಕೆಂದು ಹುಡುಕುತ್ತಿದ್ದರು.

"ಎಳೆ ಕಿತ್ತೋಯ್ತು, ನಿಲ್ಸಿ, ನಿಲ್ಸಿ!" ಎಂದು ಅಮ್ಮ ಕೂಗಿಬಿಟ್ಟಳು. ಬೆರಳನ್ನು ನಾಲಿಗೆಗೆ ತಾಗಿಸಿ, ಸಾರ್ ಭುಜದ ಮೇಲಿಂದ ಕೈ ಚಾಚಿ, ಕಿತ್ತ ಎಳೆ ಇದ್ದ ಜಾಗದಲ್ಲಿ ಗಾಜನ್ನು ಮುಟ್ಟಿದಳು.

ಲಾಳಿ ಬಂದು ಬಡಿಯಿತು. ಆಟ ಮುಗಿಯಿತು. ಅಮ್ಮ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಗಾಜಿನ ಮೇಲೆ ಬೆರಳಿನ ಒದ್ದೆ ಗುರುತು ಉಳಿದಿತ್ತು. ಪರದೆಯನ್ನು ನಾವು ಮುಟ್ಟಿದರೆ ಕೆಂಡವಾಗುತ್ತಿದ್ದ ಸಾರ್ ಆ ಗುರುತನ್ನು ನೋಡಿದರು, ಅಮ್ಮನನ್ನು ನೋಡಿದರು. ಕಾಪಿಯ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಸ್ವೆಟರಿನ ತೋಳು ಮೇಲಕ್ಕೇರಿಸಿ, "ಅಮ್ಮಾ, ಇದರಲ್ಲಿ ನಿಲ್ಲಿಸುವುದಕ್ಕೆ ದಾರಿ ಇಲ್ಲ" ಎಂದರು.

"ಎಳೆ ಕಿತ್ರೆ ನಿಲ್ಸ್ದೆ ನೇಯೋರು ಯಾರಿದ್ದಾರೆ ಸಾರ್? ಅಂಥ ಮಗ್ಗ ಎಲ್ಲಿದೆ?" ಎಂದು ಅಮ್ಮ ತಮಿಳಿನಲ್ಲಿ ನಿಜವಾಗಿಯೂ ಕುತೂಹಲದಿಂದ ಕೇಳಿದಳು.

ಸಾರ್ ನಕ್ಕರು. ಅವರಿಗೆ ನಗು ಬರುತ್ತದೆಂದು ನಮಗೆ ಅಂದೇ ತಿಳಿದದ್ದು. ಫ್ಲಾಪಿಯನ್ನು ವಾಪಸ್ ಕೊಟ್ಟು, ನಿಲ್ಲಿಸುವ ಗುಂಡಿಯೊಂದನ್ನು ಸೇರಿಸಿ ತನ್ನಿ, ಕಾಲೇಜಿನ ಎಕ್ಸಿಬಿಷನ್‌ನಲ್ಲಿ ಕಲರ್ ಮಿಷಿನ್ ಮೇಲೆ ಇಡೋಣ ಎಂದರು.

ಸ್ಪೇಸ್ ಬಾರ್ ಒತ್ತಿದರೆ ಲಾಳಿ ನಿಲ್ಲುವಂತೆ ಮಾಡಲು ಮಾದಿಗೆ ವಾರವೇ ಹಿಡಿಯಿತು. ಮಾಡಿ ಮುಗಿಸಿದ ಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಿಲ್ಲಿಸಿ ನಿಲ್ಲಿಸಿ ಆಡಿದರೆ ಈ ಆಟದಲ್ಲಿ ಯಾರೂ ಸೋಲುವಂತಿಲ್ಲ. ಸೋಲಿಲ್ಲದಿದ್ದರೆ ಅದು ಆಟವೇ? ಎಷ್ಟೋ ದಿನ ಇದನ್ನೇ ಚರ್ಚೆ ಮಾಡಿದೆವು. ಸೋಲದಿದ್ದರೂ ಜನ ಆಡುತ್ತಾರಾ ನೋಡೋಣ ಎಂದು ಹಾಗೆಯೇ ಬಿಟ್ಟೆವು.

ಎಕ್ಸಿಬಿಷನ್ ಫೆಬ್ರವರಿಯಲ್ಲಿ ನಡೆಯಿತು. ಕಲರ್ ಮಿಷಿನ್‌ನ ಹೊದಿಕೆ ತೆಗೆದಿದ್ದರು. ನಮ್ಮ ಅನ್ನಪಕ್ಷಿಗೆ ನೀಲಿ ಮೈ, ಕೆಂಪು ಬಳ್ಳಿ ಬಂದಿತ್ತು. ನಮ್ಮ ಬೀದಿಯ ಹೆಂಗಸರು ಗುಂಪಾಗಿ ಬಂದು, ಸೋಲಿಲ್ಲವೆಂದು ಒಬ್ಬರೂ ಎದ್ದು ಹೋಗದೆ, ಪಕ್ಷಿಯ ಕೊಕ್ಕು ಮೂಡುವವರೆಗೆ ಕೂತು ನೇಯ್ದರು. ಅಮ್ಮ ಮಿಷಿನ್ ಪಕ್ಕದಲ್ಲೇ ನಿಂತು ಎಲ್ಲರಿಗೂ ಹೇಳಿಕೊಡುತ್ತಿದ್ದಳು, ತಾನೇ ಕಂಡುಹಿಡಿದ ಹಾಗೆ. ಸಾರ್ ದೂರದಲ್ಲಿ ನಿಂತು ನೋಡುತ್ತಿದ್ದರು.

ಆಗ ಮಾದಿ ನನ್ನ ಕೈ ಹಿಡಿದುಕೊಂಡಳು. ಬಾಗಿಲಲ್ಲಿ ಅವಳ ಅಪ್ಪ ನಿಂತಿದ್ದರು.

ವಿಡಿಯೋ ಗೇಮ್ ಅಂಗಡಿಯಿಂದ ನಾವು ಓಡಿಬಂದದ್ದನ್ನು ಕೊಳತ್ತೂರಿನವರು ಯಾರೋ ನೋಡಿದ್ದರಂತೆ. ಆ ಸುದ್ದಿಗೆ ಬೆಟ್ಟ ಹತ್ತಲು ಇಷ್ಟು ತಿಂಗಳು ಬೇಕಾಗಿತ್ತು. ನಿಮ್ಮ ಹುಡುಗಿ ಪಟ್ಟಣದಲ್ಲಿ ಓದುವುದು ಬಿಟ್ಟು ಆಟವಾಡುತ್ತಾಳೆ ಎಂದು ಯಾರೋ ಹೇಳಿದ್ದೇ ತಡ, ಅವರು ಹೊರಟುಬಂದಿದ್ದರು. ಹಾಸ್ಟೆಲಿಗೆ ಹೋಗಿ, ಅಲ್ಲಿಂದ ಕೇಳಿಕೊಂಡು ಇಲ್ಲಿಗೆ ಬಂದಿದ್ದರು. ಬಿಸಿಲಿಗೆ ಕಪ್ಪಾದ ಎತ್ತರದ ಮನುಷ್ಯ. ಹೆಗಲ ಮೇಲೆ ಒಂದು ಗೋಣಿಚೀಲ. ಮಗಳನ್ನು ನೋಡಲು ಬರುವಾಗಲೆಲ್ಲ ಆ ಚೀಲದ ತುಂಬ ಅವರೆ, ರಾಗಿ, ಹಲಸು ಏನಾದರೂ ಇರುತ್ತಿತ್ತು. ಅವತ್ತು ಅದು ಖಾಲಿಯಾಗಿತ್ತು. ಅವಳ ಬಟ್ಟೆಬರೆ ತುಂಬಿಕೊಂಡು ಹೋಗಲು ತಂದದ್ದೆಂದು ಮಾದಿಗೆ ಒಂದೇ ನೋಟಕ್ಕೆ ತಿಳಿದಿತ್ತು.

"ಇಲ್ಲೇನ್ ಮಾಡ್ತಾ ಇದ್ದೀಯಮ್ಮಾ?" ಎಂದರು. ಕೋಪವಿರಲಿಲ್ಲ, ಸುಸ್ತಾದ ದನಿ.

ಮಾದಿ ಅಷ್ಟು ಜನರ ನಡುವೆ, ಲ್ಯಾಬಿನಲ್ಲಿ ಮೊದಲ ಸಲ ಗಟ್ಟಿಯಾಗಿ, ತನ್ನ ಊರಿನ ಮಾತಿನಲ್ಲಿ ಹೇಳಿದಳು: "ಆಟ ಅಪ್ಪಾ. ನಾವೇ ಮಾಡಿರಾದು. ಕೂತ್ಕ, ತೋರುಸ್ತೀನಿ."

ಅವರು ಕೂರಲಿಲ್ಲ. ಚೀಲ ಹೆಗಲ ಮೇಲಿದ್ದ ಹಾಗೆಯೇ ಬಗ್ಗಿ, ದಪ್ಪ ಬೆರಳಿನಿಂದ ಒಂದು ಗುಂಡಿ ಒತ್ತುವ ಕಡೆ ಎರಡು ಒತ್ತುತ್ತ ಆಡಿದರು. ಎಳೆ ಕಿತ್ತಿತು. ಏನು ಮಾಡುವುದೆಂದು ತಿಳಿಯದೆ ಕೈ ಎತ್ತಿಬಿಟ್ಟರು.

"ಅಣ್ಣಾ, ಆ ಉದ್ದನೇದು ಒತ್ತಿ. ನಿಲ್ತದೆ. ನಿಧಾನಕ್ಕೆ ಜೋಡ್ಸಿ, ಅವಸರ ಇಲ್ಲ" ಎಂದಳು ಅಮ್ಮ.

ಒತ್ತಿದರು. ನಿಂತಿತು. ಎಳೆ ಜೋಡಿಸಿದರು. ಪಕ್ಷಿಗೆ ಕಾಲು ಬಂತು, ಹೊಟ್ಟೆ ಬಂತು, ಕತ್ತು ಬಂತು. ಕೊಕ್ಕಿನಲ್ಲಿ ಬಳ್ಳಿ ಮೂಡಿದಾಗ ಅವರು ನೆಟ್ಟಗೆ ನಿಂತು ಅದನ್ನೇ ನೋಡಿದರು. ಮಾದಿ ಅಪ್ಪನ ಮುಖ ನೋಡದೆ ಚೀಲವನ್ನೇ ನೋಡುತ್ತಿದ್ದಳು.

"ಇದು ಆರಾಕಿಲ್ವಾ?" ಎಂದು ಅವರು ಪಕ್ಷಿಯ ರೆಕ್ಕೆಯನ್ನು ತೋರಿಸಿ ಕೇಳಿದರು.

"ಇನ್ನಾ ಇಲ್ಲಪ್ಪಾ. ಮುಂದಿನ್ ವರ್ಸ ಆರಾಡಂಗೆ ಮಾಡ್ಬೇಕು ಅಂತ ಇದ್ದೋ."

"ನಿನ್ ಓದು ಇನ್ನೆಷ್ಟ್ ವರ್ಸ ಐತೆ?"

"ಒಂದೇ ವರ್ಸ" ಎಂದಳು ಮಾದಿ, ಮೆಲ್ಲಗೆ.

"ಒಂದೇ ವರ್ಸದಾಗೆ ಇದೆಲ್ಲಾ ಮುಗ್ದೋಯ್ತದಾ?" ಅವರು ಮಗಳ ಕಡೆ ತಿರುಗಿದರು. "ಅಷ್ಟೇನಾ?"

ಮಾದಿ ಕೀಬೋರ್ಡನ್ನು ಅಪ್ಪನ ಕಡೆಗೆ ಇನ್ನಷ್ಟು ಸರಿಸಿ, "ಇನ್ನೊಂದ್ ಕಿತ ಆಡಪ್ಪಾ" ಎಂದಳು. ಅವರು ಹೆಗಲ ಮೇಲಿನ ಖಾಲಿ ಚೀಲ ತೆಗೆದು, ನಾಲ್ಕು ಮಡಿಕೆ ಮಡಿಸಿ ಕುರ್ಚಿಯ ಮೇಲೆ ಹಾಕಿ, ಅದರ ಮೇಲೆ ಕೂತರು.